ವಿರೂಪಾಕ್ಷಯ್ಯನವರ ಧ್ವಜಕಂಬ ಸಂಗ್ರಾಮ

ತೊಂಬತ್ತು ಅಂಶಕ್ಕೆ ಕೂದಲೆಳೆಯಷ್ಟೂ ಕಡಿಮೆಯಾಗದೆ ನೆಟ್ಟಗೆ ನಿಲ್ಲುವ ಲಂಬಕೋನ ದೇವಿಯೇ, ನಾಲಗೆಗೆ ಇಳಿದು ಬಾ. ಬಿಸಿಯೂಟ ಮುಗಿದು ಹತ್ತನೆಯ ತರಗತಿಯೆಲ್ಲ ತೂಕಡಿಸುತ್ತಿದ್ದ ಆ ಮಹಾಯುಗದಲ್ಲಿ, ಸುಣ್ಣಧೂಳಿಧೂಸರಿತಗಾತ್ರರೂ ಸಕಲತ್ರಿಕೋನಮಿತಿಪಾರಂಗತರೂ ಆದ ಗಣಿತದ ಮೇಷ್ಟ್ರು ವಿರೂಪಾಕ್ಷಯ್ಯನವರು ಶಾಲೆಯ ಧ್ವಜಕಂಬದ ಮೇಲೆ ಯುದ್ಧಕ್ಕೆ ಹೊರಟ ಕಥೆಯನ್ನು ಹಾಡಿಸು.

ಕಂಬಕ್ಕೆ ಹೊಸ ಹಗ್ಗ ಬೇಕಿತ್ತು. ಎಷ್ಟು ಉದ್ದದ್ದು ಎಂಬುದೇ ಪ್ರಶ್ನೆ. ಸೀಟಿಯನ್ನೇ ಕಂಠಾಭರಣವಾಗಿ ಧರಿಸಿದ ಆಟದ ಮೇಷ್ಟ್ರು ಯಮನೂರಪ್ಪ, "ಹಳೇ ಹಗ್ಗಕ್ಕ ಸುತಳಿ ಕಟ್ಟಿ ಇಳಸ್ರಿ, ಮೊಳ ಹಾಕ್ರಿ, ಮುಗೀತು" ಅಂದರು.

ಆ ಮಾತು ವಿರೂಪಾಕ್ಷಯ್ಯನವರ ಎದೆಗೆ ನಾಟಿತು. ಈ ಟ್ಯಾನು, ಸೈನು ಯಾವುದಕ್ಕೆ ಬರುತ್ತವೆ ಎಂದು ಇಪ್ಪತ್ತೆರಡು ವರ್ಷ ಕೇಳಿದ ಮಕ್ಕಳ ಕುಲವೆಲ್ಲ ಎದುರಿಗೇ ನಿಂತಿತ್ತು.

"ಮೊಳ ಹಾಕೋದು ಹೂ ಮಾರಾವ್ರ ಕೆಲಸ, ಯಮನೂರಪ್ಪನವರ. ಕಂಬ ಮುಟ್ಟದನ ಅದರ ಎತ್ತರ ಹೇಳತೇನಿ. ತಪ್ಪಿದ್ರ ಒಂದು ತಿಂಗಳು ನನ್ನ ಪಿರಿಯಡ್ಡು ನಿಮ್ಮ ಥ್ರೋಬಾಲಿಗೆ."

"ಬರದು ಕೊಡ್ರಿ ಸರ."

ಬರೆದು ಕೊಟ್ಟರು. ತರಗತಿಯನ್ನೆಲ್ಲ ಎಬ್ಬಿಸಿ ತಂದು ಕಂಬದ ಮುಂದೆ ಸಾಲಾಗಿ ನಿಲ್ಲಿಸಿದರು. ಬಳಿಕ ಕೋನಮಾಪಕಕ್ಕೆ ಖಾಲಿ ಪೆನ್ನಿನ ಕೊಳವೆ ಕಟ್ಟಿ, ದಾರದಲ್ಲಿ ನಟ್ಟು ತೂಗಿಬಿಟ್ಟ ಆ ದಿವ್ಯಾಸ್ತ್ರವನ್ನು ಬಲಗಣ್ಣಿಗೆ ಹಿಡಿದು, ಕಂಬದ ತುದಿಯಲ್ಲಿ ಹಗ್ಗ ಹಾಯುವ ಗಾಲಿಗೆ ಗುರಿಯಿಟ್ಟು, ಉನ್ನತ ಕೋನ ಸರಿಯಾಗಿ ನಲವತ್ತೈದು ಆಗುವ ತನಕ ಹಿಂದೆ ಹಿಂದೆ ಸರಿದರು. ನಲ್ಲಿಯ ಕೆಸರಿಗೆ ಒಂದು ಚಪ್ಪಲಿ ಬಲಿಯಾದರೂ ಸರಿದರು. ಅಲ್ಲಿಂದ ಕಂಬದ ಬುಡಕ್ಕೆ ಟೇಪು ಒಂಬತ್ತು ಮೀಟರ್ ತೋರಿಸಿತು.

"ನಲವತ್ತೈದರ ಟ್ಯಾನ್ ಒಂದು. ಅಂದ್ರ ದೂರ ಎಷ್ಟೋ ಎತ್ತರ ಅಷ್ಟ. ಒಂಬತ್ತು ಮೀಟರ್. ಏರಿ ಇಳಿಯಾಕ ಹದಿನೆಂಟು ಮೀಟರ್ ಹಗ್ಗ," ಎಂದು ಘರ್ಜಿಸಿದರು.

ಮೊದಲ ಸಾಲಿನ ಮಹಬೂಬಿ ಮೆಲ್ಲಗೆ ಅಂದಳು: "ಸರ, ಆ ತ್ರಿಭುಜ ನಿಮ್ಮ ಕಣ್ಣಿಂದ ಶುರು ಆಗೈತ್ರಿ. ನೆಲದಿಂದ ಅಲ್ಲ."

"ಬಾಯಿ ಮುಚ್ಚಿ ಕೂಡು."

"ನಿಂತೇವ್ರಿ ಸರ."

ನೋಡುವವನ ಕಣ್ಣಿನ ಎತ್ತರ ಕೂಡಿಸದ ಮಕ್ಕಳಿಗೆ ಅಂಕ ಕಡಿದ ಕೆಂಪು ಪೆನ್ನು ವಿರೂಪಾಕ್ಷಯ್ಯನವರದೇ. ಆದರೆ ಚೀಟಿ ಯಮನೂರಪ್ಪನವರ ಜೇಬು ಸೇರಿತ್ತು. ವೀರರು ಹಿಂದೆ ಸರಿಯುವುದಿಲ್ಲ, ಕೋನ ಹೊಂದಿಸುವಾಗ ಬಿಟ್ಟು.

ಮರುದಿನ ಹದಿನೆಂಟು ಮೀಟರಿನ ಹೊಸ ಹಗ್ಗ ಹಳೆಯದರ ಬಾಲ ಹಿಡಿದು ಗಾಲಿ ಏರಿತು, ಆ ಕಡೆ ಇಳಿಯಿತು. ಬುಡದ ಕೊಕ್ಕೆಯನ್ನು ಮುಟ್ಟಲಿಲ್ಲ. ಎರಡು ತುದಿಗಳೂ ಮೇಷ್ಟ್ರ ಎರಡು ಕಣ್ಣುಗಳ ಮುಂದೆ, ಬೆರಳಷ್ಟೂ ಮೇಲೆ ಕೆಳಗೆ ಇಲ್ಲದೆ, ತೂಗಾಡತೊಡಗಿದವು.

"ಎಷ್ಟು ಕಮ್ಮಿ ಬಿತ್ತವಾ?" ಎಂದು ಯಮನೂರಪ್ಪ ಮಹಬೂಬಿಯನ್ನು ಕೇಳಿದರು.

"ಇಬ್ಬರು ಸರ ಅಷ್ಟ್ರಿ. ಹಣಿ ಬಿಟ್ಟು."

"ಲೆಕ್ಕದ ರೀತಿ ಸರಿ ಐತಿ," ಎಂದರು ವಿರೂಪಾಕ್ಷಯ್ಯನವರು.

ಗಣಿತದ ಪಿರಿಯಡ್ಡಿಗೆ ಯಮನೂರಪ್ಪ ಸೀಟಿ ಊದಿದರು. ಹುಡುಗಿಯರು ಬಯಲಿಗೆ ಓಡಿದರು. ಸಕಲತ್ರಿಕೋನಮಿತಿಪಾರಂಗತರು ಥ್ರೋಬಾಲ್ ನೆಟ್ಟಿನ ಒಂದು ತುದಿ ಹಿಡಿದು ನಲವತ್ತು ನಿಮಿಷ ನಿಂತರು. ನೆಟ್ಟಿನ ಆ ತುದಿಯ ಕಂಬ ಹೋದ ವರ್ಷವೇ ಮುರಿದಿತ್ತು.