ರಾಚವ್ವನ ದೃಷ್ಟಿ, ಶೆಟ್ಟೆಪ್ಪನ ವಾಸನೆ

ಉಪ್ಪುನೀರಿನ ಈಜುಕೊಳವೆಂದರೆ ಟ್ಯಾಂಕರಿನಲ್ಲಿ ಸಮುದ್ರದ ನೀರು ತಂದು ಸುರಿಯುವುದು ಎಂದೇ ಅಭಿರಾಮ್ ನಂಬಿದ್ದ. ಕೆಲಸಕ್ಕೆ ಸೇರಿದ ದಿನ, ಮೈಸೂರಿನ ಬುದ್ಧಿವಂತಿಕೆಯನ್ನು ಮುಂಬಯಿಗೆ ತೋರಿಸುವ ಹುಮ್ಮಸ್ಸಿನಲ್ಲಿ, "ಸರ್, ಜುಹು ನೀರೋ, ವರ್ಸೋವಾದ್ದೋ? ಮೀನು ಸೋಸೋರು ಯಾರು?" ಎಂದು ಕೇಳಿಬಿಟ್ಟಿದ್ದ. ಬಾಸ್ ಹಿತೇಶ್ ಭಾಯಿ ನಗಲಿಲ್ಲ. ಉಪ್ಪಿನಿಂದ ಪೂಲು ಶುದ್ಧ ಮಾಡುವ ಮಷೀನು ಒಂದನ್ನಾದರೂ ಮಾರುವ ತನಕ ಕೆಲಸ ಕಾಯಂ ಇಲ್ಲ ಎಂದರು. ಅಂದಿನಿಂದ ಅವನು ಮಾರಿಕೊಂಡದ್ದು ತನ್ನ ಮಾನವನ್ನು ಮಾತ್ರ.

ಇವತ್ತು ಕೊನೆಯ ಅವಕಾಶ. ಕುರ್ಲಾದ ಹೊಸ ಬಿಲ್ಡಿಂಗಿನ ಪೂಲಿನ ದಂಡೆ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಸೊಸೈಟಿಯ ಸೆಕ್ರೆಟರಿ ಶೆಟ್ಟೆಪ್ಪ. ವಿಜಯಪುರದ ಕಡೆಯವರು, ಬೈಕುಲ್ಲಾದಲ್ಲಿ ಉಳ್ಳಾಗಡ್ಡಿ ವ್ಯಾಪಾರ. ಪಕ್ಕದಲ್ಲಿ, ಮೊಣಕಾಲು ನೋವಿಗೆಂದು ದಿನಾ ನೀರಿಗಿಳಿಯುವ ಹೆಂಡತಿ ರಾಚವ್ವ. ಸಹಿ ಗಂಡನದು, ತೀರ್ಮಾನ ಹೆಂಡತಿಯದು. ಎದುರಿಗೆ, 'ಕ್ಲೋರಿನ್‌ಗೆ ಬೈ ಬೈ' ಎಂದು ಎದೆಯ ಮೇಲೆ ದಪ್ಪಕ್ಷರದಲ್ಲಿ ಬರೆದ ಕಂಪನಿಯ ಟೀ ಶರ್ಟು ತೊಟ್ಟ ಅಭಿರಾಮ್.

ರಾಚವ್ವ: ಉಪ್ಪು ಕರಗಿಸಿದ ನೀರಾಗ ನಾ ಕಾಲಿಡಂಗಿಲ್ಲ. ಮುಗೀತು!

ಅಭಿರಾಮ್: ಕಣ್ಣು ಉರಿಯಲ್ಲ ಆಂಟಿ. ಚರ್ಮ ಬಿರಿಯಲ್ಲ. ಕೂದಲು ರೇಷ್ಮೆ ಥರ ಆಗುತ್ತೆ...

ರಾಚವ್ವ: ಈಗ ಹೆಂಗೈತಿ ಅಂತೀ?

ಅಭಿರಾಮ್ ನೋಡಿದ. ತೆಂಗಿನ ನಾರು. ಇದಕ್ಕೆ ಏನು ಹೇಳಬೇಕೆಂದು ಟ್ರೇನಿಂಗಿನಲ್ಲಿ ಯಾರೂ ಕಲಿಸಿರಲಿಲ್ಲ.

ಅಭಿರಾಮ್: ಈಗಲೂ... ರೇಷ್ಮೇನೇ. ಸ್ವಲ್ಪ ಒರಟು ರೇಷ್ಮೆ.

ಶೆಟ್ಟೆಪ್ಪ: ತಮ್ಮಾ, ಈ ಪೂಲಿನ ವಾಸನಿ ಹೋಗತೈತೇನು? ಅದನ್ನ ಹೇಳು.

ರಾಚವ್ವ: ವಾಸನಿ ಹೋಗಿ ದೃಷ್ಟಿ ತಗಲಿದ್ರ? ಕೂಸಿಗೆ ದೃಷ್ಟಿ ಆದ್ರ ಉಪ್ಪು ನಿವಾಳಿಸಿ ನೀರಾಗ ಹಾಕ್ತೀವಿ. ಯಾರೂ ತುಳೀಬಾರ್ದಂತ ದೂರ ಹೋಗಿ ಚೆಲ್ತೀವಿ. ನೀ ನೋಡಿದ್ರ ಚೀಲಗಟ್ಟಲೆ ಕರಗಿಸಿ, ಅದರಾಗಽ ಈಜ್ರಿ ಅಂತಿ!

ಅಭಿರಾಮ್: ಇದನ್ನ ಯಾರಿಗೂ ನಿವಾಳಿಸಿಲ್ಲ ಆಂಟಿ. ಚೀಲಕ್ಕೆ ಸೀಲ್ ಇರುತ್ತೆ.

ರಾಚವ್ವ: ಬಿ ವಿಂಗಿನ ಸಾಧನಾನ ಕಣ್ಣಿಗೆ ಸೀಲ್ ಐತೇನು? ನನ್ನ ಕೈಯಾಗಿನ ಬಂಗಾರದ ಬಳಿ ನೋಡೂದೇನು, ನುಂಗೂದೇನು! ಆಕಿ ಇಳದ್ಲಂದ್ರ ಆಕಿ ದೃಷ್ಟಿ ಎಲ್ಲಾ ಉಪ್ಪಿಗಿ ಹತ್ತತೈತಿ. ಹಿಂದಽ ನಾ ಇಳೀಬೇಕು.

ಅಭಿರಾಮ್: ಉಪ್ಪು ತುಂಬಾ ಕಮ್ಮಿ ಆಂಟಿ, ಸಮುದ್ರದ ಥರ ಅಲ್ಲ. ಕಣ್ಣೀರಿಗಿಂತ ಕಮ್ಮಿ.

ರಾಚವ್ವ: ಹಂಗಾದ್ರ ಕೊಳ್ಳೂದ್ಯಾಕ? ಇವರನ್ನ ಕಟ್ಕೊಂಡು ನಾ ಸುರಿಸಿದ್ದಽ ಸಾಕಿತ್ತು.

ಶೆಟ್ಟೆಪ್ಪ: ಅರೇ, ವಾಸನಿ ಮಾತು ಎಲ್ಲಿಗೆ ಬಂತು?

ಕೆಲಸ ಕೈತಪ್ಪುತ್ತಿರುವ ಸದ್ದು ಅಭಿರಾಮನಿಗೆ ಕೇಳಿಸಿತು. ಗಾಬರಿಯಲ್ಲಿ ಬಾಯಿಗೆ ಬಂದದ್ದನ್ನೆಲ್ಲ ಸುರಿದ.

ಅಭಿರಾಮ್: ಪಂಪ್ ರೂಮಲ್ಲಿ ಕ್ಲೋರಿನ್ ಡ್ರಮ್ಮು ಇಟ್ಕೊಂಡು ಹೆದರೋದು ಬೇಡ ಸರ್! ಬೇಕಾದಷ್ಟು ಕ್ಲೋರಿನ್ ಮಷೀನೇ ತಯಾರು ಮಾಡಿ...

ನಾಲಿಗೆ ಕಚ್ಚಿಕೊಂಡ. ದಂಪತಿಗಳಿಬ್ಬರೂ ಅವನ ಟೀ ಶರ್ಟನ್ನು ಒಂದು ಸಲ ಓದಿದರು.

ಶೆಟ್ಟೆಪ್ಪ: ಬೈ ಬೈ ಅಂದು ಕಳಿಸಿದ್ದನ್ನ ಹಿತ್ತಲ ಬಾಗಲದಿಂದ ಕರಕೊಂಡು ಬರ್ತಿಯೇನು?

ಅಭಿರಾಮ್: ನಿಜ ಹೇಳ್ತೀನಿ ಸರ್. ಉಪ್ಪುನೀರು ಮಷೀನ್ ಒಳಗೆ ಹೋಗುತ್ತೆ, ಕರೆಂಟ್ ಹೊಡೆಯುತ್ತೆ, ಆ ಉಪ್ಪಿನಿಂದಾನೇ ಕ್ಲೋರಿನ್ ಬರುತ್ತೆ. ಡ್ರಮ್ಮಿಂದ ಒಂದೇ ಸಲ ಸುರಿದ ಹಾಗಲ್ಲ, ಸ್ವಲ್ಪ ಸ್ವಲ್ಪ. ಅದಕ್ಕೇ ಕಣ್ಣಿಗೆ ಹಿತ. ಬೈ ಬೈ ಅನ್ನೋದು... ಶರ್ಟಿನ ಮಟ್ಟಿಗೆ.

ಅಷ್ಟು ಹೇಳಿ ಅವನು ಬ್ಯಾಗು ಹೆಗಲಿಗೇರಿಸಿದ. ರಾಚವ್ವ ಮಾತ್ರ ಕುರ್ಚಿಯಲ್ಲಿ ನೆಟ್ಟಗಾದಳು.

ರಾಚವ್ವ: ನಿಂದರು. ಉಪ್ಪಿಗಿ ಕರೆಂಟ್ ಹೊಡಸ್ತೀ?

ಅಭಿರಾಮ್: ಹೂಂ ಆಂಟಿ. ಪಂಪು ಓಡುವಷ್ಟು ಹೊತ್ತೂ.

ರಾಚವ್ವ: ಮೊದಲಽ ಹೇಳಬಾರದೇನೋ! ಒಲಿಯಾಗ ಉಪ್ಪು ಹಾಕಿದ್ರ ಚಟಚಟ ಅಂದು ದೃಷ್ಟಿ ಸುಟ್ಟು ಹೋಗತೈತಿ. ಇದು ಕರೆಂಟಿನ ಒಲಿ! ಸಾಧನಾ ಎಷ್ಟು ನೋಡ್ತಾಳೋ ನೋಡ್ಲಿ. ಏನ್ರೀ, ಸಹಿ ಮಾಡ್ರಿ.

ವಿಜ್ಞಾನ ಗೆದ್ದಿತೋ ಸೋತಿತೋ ಎಂದು ಯೋಚಿಸುವಷ್ಟು ಸಂಬಳ ಅಭಿರಾಮನಿಗೆ ಇರಲಿಲ್ಲ. ಪೆನ್ನು ಕೊಟ್ಟ. ಶೆಟ್ಟೆಪ್ಪ ಪೆನ್ನಿನ ಟೊಪ್ಪಿಗೆ ತೆಗೆದು ಮತ್ತೆ ತಡೆದರು.

ಶೆಟ್ಟೆಪ್ಪ: ವಾಸನಿ?

ಅಭಿರಾಮ್: ಆ ಘಾಟು ಬರೀ ಕ್ಲೋರಿನ್‌ದಲ್ಲ ಸರ್. ಬೆವರು, ಉಚ್ಚೆ ಜೊತೆ ಕ್ಲೋರಿನ್ ಸೇರಿದಾಗ ಬರೋದು. ಇದರಲ್ಲಿ ಕಮ್ಮಿ ಆಗುತ್ತೆ. ಆದರೆ ಯಾರಾದ್ರೂ ದಿನಾ ನೀರಲ್ಲೇ ಮುಗಿಸಿಕೊಂಡ್ರೆ ಮಷೀನ್ ತಾನೇ ಏನು ಮಾಡುತ್ತೆ?

ರಾಚವ್ವ: ಹುಡುಗೂರು ಇಳಿಯೂದು ಸಂಜಿಗೆ. ಮೂಗಿಗೆ ಹೊಡಿಯೂದು ಮುಂಜಾನೆ. ಮುಂಜಾನೆ ಎಲ್ಲಾರಿಗಿಂತ ಮೊದಲ ಇಳಿಯೋರು...

ಅವಳು ಗಂಡನ ಕಡೆ ತಿರುಗಿದಳು. ಶೆಟ್ಟೆಪ್ಪ ಆಕಾಶದಲ್ಲಿ ಮೋಡ ಹುಡುಕತೊಡಗಿದರು. ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಕೆಲಸ ಕಾಯಂ ಎಂದು ಅಭಿರಾಮನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಮೀನು ಸೋಸೋರು ಯಾರೆಂದು ಕೇಳಿದ್ದೂ ಇದೇ ನಾಲಿಗೆ.

ಅಭಿರಾಮ್: ಸರ್... ನೀವೇನಾ?

ಶೆಟ್ಟೆಪ್ಪ ಸರಸರನೆ ಸಹಿ ಹಾಕಿ ಪೆನ್ನು ವಾಪಸು ಕೊಟ್ಟರು.

ಶೆಟ್ಟೆಪ್ಪ: ಹೌದು, ನಾನಽ. ದೊಡ್ಡ ಮಷೀನ್ ಬರ್ಕೊ.