ಮಾವ್ಶಿಯ ಎಣ್ಣೆ, ನನ್ನ ನೆಟ್ಟಗಿನ ಕೂದಲು

ನಮ್ಮ ಮಾವ್ಶಿಯ, ಅಂದರೆ ನನ್ನ ಅಮ್ಮನ ತಂಗಿಯ ಜೊತೆ ಶಿರ್ವದಿಂದ ಉಡುಪಿಗೆ ಬಸ್ಸಿನಲ್ಲಿ ಹೋಗಿ ಮಾನ ಉಳಿಸಿಕೊಂಡು ಬಂದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ! ಎದುರಿನ ಸೀಟಿನಲ್ಲಿ ಒಣಗಿದ ಗುಂಗುರು ತಲೆಯೊಂದು ಕಂಡರೆ ಸಾಕು, ಅವರ ಕೈ ತಾನಾಗಿ ಮುಂದೆ ಹೋಗುತ್ತದೆ.

"ಎಂತ ಮಗಾ, ತಲೆಗೆ ನೀರು, ಎಣ್ಣೆ ಎಂತದೂ ಇಲ್ವಾ? ತೆಂಗಿನ ನಾರಿನ ಹಾಗೆ ಆಗಿದೆಯಲ್ಲ ಮಾರಾಯ್ತಿ!"

ಇವರು ಯಾರೋ ನನಗೆ ಗೊತ್ತೇ ಇಲ್ಲ ಎಂಬಂತೆ ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಆದರೆ ಮುಚ್ಚಿಡುವುದು ಹೇಗೆ? ಅಮ್ಮನದು ರೇಷ್ಮೆಯಂಥ ಕೂದಲು. ನನಗೆ ಬಂದದ್ದು ಮದುವೆಯಾಗದ ಮಾವ್ಶಿಯ ಗುಂಗುರು!

ಅದನ್ನು ಮೆತ್ತಗಿಡುವುದೇ ಅವರ ಎರಡನೆಯ ಧರ್ಮ. ದಾಸವಾಳದ ಎಲೆ ಕಿವುಚಿದ ಲೋಳೆಯಲ್ಲಿ, ಅದೇ ಗೊಂಪಿನಲ್ಲಿ, ತಲೆ ತೊಳೆಯಬೇಕು. ಒದ್ದೆಯಿರುವಾಗಲೇ ಎಣ್ಣೆ ಹಚ್ಚಬೇಕು. "ಎಣ್ಣೆ ಅಂದರೆ ನೀರಿಗೆ ಮುಚ್ಚಳ. ಖಾಲಿ ಪಾತ್ರೆಗೆ ಮುಚ್ಚಳ ಹಾಕಿ ಎಂತ ಪ್ರಯೋಜನ?" ಈ ಉಪದೇಶ ಕಾಪುವಿನಲ್ಲಿ ಮೀನು ಮಾರುವವರಿಗೂ ಆಗಿದೆ, ಬೋಳುತಲೆಯ ಪಾದ್ರಿಗಳಿಗೂ ಆಗಿದೆ. "ಇದ್ದಾಗ ನೋಡಿಕೊಳ್ಳಬೇಕಿತ್ತು ಫಾದರ್" ಎಂದರಂತೆ!

ಮಣಿಪಾಲದ ನನ್ನ ಆಫೀಸಿಗೂ ಒಮ್ಮೆ ಗೊಂಪಿನ ಡಬ್ಬಿ ಬಂತು. ಸಹೋದ್ಯೋಗಿಯೊಬ್ಬಳು ಬಸಳೆಯ ಪದಾರ್ಥವೆಂದುಕೊಂಡು ಅನ್ನಕ್ಕೆ ಬಡಿಸಿಕೊಂಡಳು. ಭೂಮಿ ಬಾಯಿಬಿಡಬಾರದೇ ಎನಿಸಿತು.

ಹಾಗಾಗಿ ನನ್ನ ಮದುವೆ ಹತ್ತಿರ ಬಂದಾಗ ಪಾರ್ಲರಿಗೆ ಹೋಗಿ ಕೂದಲನ್ನು ಎಳೆದೆಳೆದು ನೆಟ್ಟಗೆ ಮಾಡಿಸಿದೆ. "ಮದುವೆ ಮುಗಿಯುವ ತನಕ ನೀರು, ಎಣ್ಣೆ ತಾಗಿಸಬೇಡಿ" ಎಂದರು. ತಲೆಯಾಡಿಸಿ ಬಂದೆ. ಮಾರನೆಯ ದಿನವೇ ರೋಸ್! ಮದುಮಗಳಿಗೆ ನೆಂಟರೆಲ್ಲ ಎಣ್ಣೆ ಹಚ್ಚಿ, ತಲೆಗೆ ತೆಂಗಿನ ಹಾಲು ಸುರಿಯುವ ಶಾಸ್ತ್ರ. ಕೊಂಕಣಿ ಕ್ರೈಸ್ತರ ಮನೆಯಲ್ಲಿ ಹುಟ್ಟಿ ಇದನ್ನು ಮರೆತವಳು ನಾನೊಬ್ಬಳೇ ಇರಬೇಕು.

ಪ್ಲಾಸ್ಟಿಕ್ ಟೊಪ್ಪಿ ಹಾಕಿಕೊಂಡು ಮಣೆಯ ಮೇಲೆ ಕೂತೆ. ನೆಂಟರು ಮುಸಿಮುಸಿ ನಕ್ಕರು. ಮಾವ್ಶಿ ತಾವೇ ಹಿಂಡಿದ ತೆಂಗಿನ ಹಾಲು ಹಿಡಿದು ಬಂದರು. ಇನ್ನು ನನ್ನ ಮಾನ ಹರಾಜು ಎಂದು ಕಣ್ಣು ಮುಚ್ಚಿದೆ.

"ತಲೆಗೆ ಯಾರೂ ಹಾಕ್ಬೇಡಿ, ಕೈಕಾಲಿಗೆ ಸಾಕು" ಎಂದರು ಎಲ್ಲರಿಗೂ. ಆಮೇಲೆ ಬಗ್ಗಿ, ನನಗೆ ಮಾತ್ರ ಕೇಳುವ ಹಾಗೆ, "ಚಂದ ಉಂಟು ಮಗಾ. ನನ್ನ ಹಾಗೆ ಕಾಣ್ಬಾರ್ದು ಅಂತ, ಅಲ್ವಾ? ಒಳ್ಳೆಯದೇ ಆಯ್ತು."

ದನಿಯಲ್ಲಿ ಮುನಿಸಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಷ್ಟು ವರ್ಷ ಅವರ ಬಗ್ಗೆ ಪಟ್ಟ ನಾಚಿಕೆಯೆಲ್ಲ ತಿರುಗಿ ನನ್ನ ಮೇಲೇ ಬಿತ್ತು. ಟೊಪ್ಪಿ ಕಿತ್ತು ತಲೆ ತಗ್ಗಿಸಿದೆ.

"ಸುರಿಯಿರಿ ಮಾವ್ಶಿ."

"ಪಾರ್ಲರಿನದ್ದು ಹಾಳಾಗ್ತದೆ!"

"ಆಗಲಿ, ಸುರಿಯಿರಿ."

ಹಾಲು ಕಿವಿಯ ಹಿಂದೆ ಇಳಿಯಿತು. ಅವರ ಬೆರಳುಗಳು ಕೂದಲನ್ನು ಬಿಡಿಸುತ್ತ ಹೋದವು. "ಇಲ್ಲಿ ನೋಡಿ, ಒಂದು ಗುಂಗುರು ಎದ್ದಿತು!" ಎಂದು ಮಾವ್ಶಿ ಅಂಗಳಕ್ಕೆಲ್ಲ ಕೇಳುವಂತೆ ಕೂಗಿದರು.

ಈಗ ಬಸ್ಸಿನಲ್ಲಿ ನಮ್ಮಿಬ್ಬರ ಗುಂಗುರು ತಲೆ ನೋಡಿದವರು ತಾಯಿ ಮಗಳಾ ಎಂದು ಕೇಳುತ್ತಾರೆ. ನಾನು ಕಿಟಕಿಯ ಕಡೆ ತಿರುಗುವುದಿಲ್ಲ. ಹೌದು ಎಂದುಬಿಡುತ್ತೇನೆ.