ಅವ್ವನ ತೂಕದ ಕಲ್ಲು

ಗಂಡಸರು ತಾಲೀಮಿನ ಗರಡಿಗೆ ಹೋಗುವುದು ಹುಮ್ಮಸ್ಸಿನಿಂದ ಎಂದು ಜನ ತಿಳಿದಿದ್ದಾರೆ. ಇರಬಹುದು. ನಾನು ಹೋದದ್ದು ಮಾತ್ರ ಅಂಜಿಕೆಯಿಂದ. ಹುಮ್ಮಸ್ಸು ಚಳಿ ಬಿದ್ದ ಮುಂಜಾನೆ ಕೌದಿಯಿಂದ ಹೊರಗೆ ಬರುವುದಿಲ್ಲ. ಅಂಜಿಕೆಗೆ ಆ ಸೋಮಾರಿತನವಿಲ್ಲ. ಅದು ಕೋಳಿಗಿಂತ ಮೊದಲೇ ಎದ್ದು ಕುಳಿತು ನಮ್ಮನ್ನೂ ಎಬ್ಬಿಸುತ್ತದೆ.

ನಾನು ಇಂಡಿ ಊರಿನ ಬಜಾರಿನಲ್ಲಿ ಬಟ್ಟೆ ಹೊಲಿಯುವವನು. ಬೆಲ್ ಬಾಟಮ್ ಪ್ಯಾಂಟು ನಮ್ಮೂರಿಗೂ ಬಂದು, ಹುಡುಗರಿಗಿಂತ ಅವರ ಬಟ್ಟೆಯೇ ಹೆಚ್ಚು ನಡೆದಾಡುತ್ತಿದ್ದ ಕಾಲ. ಹಗಲೆಲ್ಲ ಮಷೀನು ತುಳಿದು ನನ್ನ ಬಲವೆಲ್ಲ ಪಾದಕ್ಕೆ ಇಳಿದಿತ್ತು. ಸೊಂಟದಿಂದ ಮೇಲೆ ನಾನು ಗೂಟಕ್ಕೆ ತೂಗುಹಾಕಿದ ಅಂಗಿ. ಇದರಿಂದ ಯಾರಿಗೂ ತೊಂದರೆ ಇರಲಿಲ್ಲ, ಅಪ್ಪ ತೀರಿಕೊಳ್ಳುವವರೆಗೆ.

ನಮ್ಮಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಬಾಳೆಕಂಬ, ಹೂವು ಕಟ್ಟಿದ ವಿಮಾನದಲ್ಲಿ ಕೂಡಿಸಿ, ಭುಜದ ಮೇಲೆ ಹೊತ್ತು ಒಯ್ಯುತ್ತೇವೆ. ಒಬ್ಬನೇ ಮಗನಾದ ನನಗೆ ಮುಂದಿನ ಬಲಗಡೆಯ ಜಾಗ. ಅಪ್ಪ ಬಡಕಲು ಮನುಷ್ಯ, ತಟ್ಟೆಯ ರೊಟ್ಟಿಯಲ್ಲಿ ಅರ್ಧ ಬೀದಿನಾಯಿಗೆ ಹಾಕಿಯೇ ಏಳುತ್ತಿದ್ದರು. ಆದರೂ ಬಜಾರು ದಾಟುವಷ್ಟರಲ್ಲಿ ನನ್ನ ಮೊಣಕಾಲು ಮಡಚಿತು. ವಿಮಾನ ವಾಲಿತು. ಒಳಗೆ ಕುಳಿತ ಅಪ್ಪ ಮೆಲ್ಲಗೆ ನನ್ನ ಕಡೆ ಬಾಗಿದರು, "ಸಾಕಾತೇನೋ ತಮ್ಮಾ?" ಎಂದು ಕೇಳಲು ಬಾಗಿದ ಹಾಗೆ. ಭಜನೆಯವರ ತಾಳ ತಪ್ಪಿತು. ಅಕ್ಕನ ಗಂಡ, ಸಿಂದಗಿಯ ಮಾವ, ನನ್ನನ್ನು ಪಕ್ಕಕ್ಕೆ ದೂಡಿ ತಾನು ಭುಜ ಕೊಟ್ಟ.

"ಸರಿ ಅತ್ತಾಗ. ಟೇಪ ಹಿಡಿಯಾಂವಗ ಯಾಕ ಬೇಕು ಇದು?" ಎಂದ. ಮಣ್ಣು ಮುಗಿಸಿ ಬಂದು ಕೈಕಾಲು ತೊಳೆಯುವಾಗ ಇನ್ನೊಂದು ಮಾತು ಸೇರಿಸಿದ: "ಮುಂದಿನ ಸಲಕ್ಕರ ತಯಾರಿರಪಾ."

ಮುಂದಿನ ಸಲ! ಅಲ್ಲಿದ್ದವರ ಕಣ್ಣೆಲ್ಲ ಒಂದು ಗಳಿಗೆ ಪಡಸಾಲೆಯ ಕಡೆ ಹೋಯಿತು. ಅಲ್ಲಿ ಕಂಬಕ್ಕೆ ಒರಗಿ ಅವ್ವ ಕುಳಿತಿದ್ದಳು. ಅವ್ವ ಅಪ್ಪನ ಹಾಗಲ್ಲ. ಅವಳು ಕುಳಿತರೆ ಕಂಬವೇ ಅವಳಿಗೆ ಒರಗಿದಂತೆ ಕಾಣುತ್ತದೆ.

ಅಂದಿನಿಂದ ನನಗೆ ನೆಮ್ಮದಿಯಿಲ್ಲ. ಅವ್ವ ಕೆಮ್ಮಿದರೆ ನನ್ನ ಮೊಣಕಾಲು ನಡುಗುತ್ತಿತ್ತು. "ಯಾಕೋ ತಲಿ ತಿರಗಾಕತ್ತೈತಿ" ಎಂದು ಅವಳು ಅಂದರೆ, ನಾನು ಮೊದಲು ನನ್ನ ಭುಜ ಮುಟ್ಟಿಕೊಂಡು ಆಮೇಲೆ ಅವಳ ಹಣೆ ಮುಟ್ಟುತ್ತಿದ್ದೆ. ಇದೆಂಥ ಮಗನಪ್ಪಾ ಎಂದು ನನಗೇ ನಾಚಿಕೆ. ಕಡೆಗೆ ತಾಲೀಮಿನ ಬಾಗಿಲಿಗೆ ಹೋಗಿ ನಿಂತೆ.

ತಾಲೀಮಿನ ವಸ್ತಾದ ಮಲ್ಲಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿ ನಕ್ಕ. "ಏನ್ರಿ ಟೇಲರ್ ಸಾಹೇಬ್ರ, ಲಂಗೋಟಿ ಅಳತಿ ತಗೊಳ್ಳಾಕ ಬಂದೀರೇನು?"

"ಇಲ್ಲರಿ. ಭುಜ ಗಟ್ಟಿ ಆಗಬೇಕು."

"ಯಾರನ್ನ ಹೊರಾಂವ್ರಿ?"

ಅವನು ತಮಾಷೆಗೆ ಕೇಳಿದ್ದ. ನಾನು ನಿಜ ಹೇಳಿಬಿಟ್ಟೆ. ಮಲ್ಲಪ್ಪ ನಗು ನಿಲ್ಲಿಸಿ, ಮೂಲೆಯಲ್ಲಿದ್ದ ದುಂಡನೆಯ ಸಂಗ್ರಾಣಿ ಕಲ್ಲನ್ನು ತೋರಿಸಿದ. ಪಂಚಮಿಯಲ್ಲಿ ಹರೆಯದವರು ಪಂಥ ಕಟ್ಟಿ ಎತ್ತುವ ಕಲ್ಲು. "ಇದನ್ನ ಹೆಗಲಿಗೆ ಏರಿಸಿದ್ರ ಸಾಕು. ಅವ್ವಾರ ಏನೂ ಭಾರ ಆಗೂದಿಲ್ಲ" ಎಂದ. ಆ ಕಲ್ಲಿನ ಆಕಾರವೂ ನನಗೆ ಎಲ್ಲೋ ಗುರುತಿನದು ಅನಿಸಿತು.

ಬೆಳಗ್ಗೆ ನೆನೆಗಡಲೆ, ಸಂಜೆ ಹಾಲು, ನಡುವೆ ತುಪ್ಪ. ಚಹಾ ಬಿಡ್ರಿ ಎಂದ ಮಲ್ಲಪ್ಪ, ಬಿಟ್ಟೆ. ಮನಸ್ಸು ಎಂಬುದು ಬಲು ಕೆಟ್ಟ ಗಿರಾಕಿ. ಇಂದು ಅಳತೆ ಕೊಟ್ಟು ನಾಳೆಯೇ ಅಂಗಿ ಕೇಳುತ್ತದೆ. ಟೇಪು ಸದಾ ಕೊರಳಲ್ಲೇ ಇರುವುದರಿಂದ, ರಾತ್ರಿ ಮನೆಯಲ್ಲಿ ಗುಂಡಿ ಹಚ್ಚುವ ನಡುನಡುವೆ ನನ್ನ ತೋಳನ್ನು ಅಳೆಯುತ್ತಿದ್ದೆ. ತೋಳು ಇದ್ದಲ್ಲೇ ಇತ್ತು. ಬಿಟ್ಟುಬಿಡೋಣ ಅನ್ನುವಷ್ಟರಲ್ಲಿ ಒಳಗಿನಿಂದ ಅವ್ವ ಕೆಮ್ಮುತ್ತಿದ್ದಳು. ಮತ್ತೆ ಒಂದು ಹಿಡಿ ಕಡಲೆ ಬಾಯಿಗೆ ಹಾಕಿಕೊಳ್ಳುತ್ತಿದ್ದೆ.

ಮಲ್ಲಪ್ಪನ ಬಾಯಿ ಅವನ ತೋಳಿನಷ್ಟು ಗಟ್ಟಿಯಲ್ಲ. ಅಂಗಿ ಒಯ್ಯಲು ಮನೆಗೆ ಬಂದವನು ಅವ್ವನ ಮುಂದೆ, "ನಿಮ್ಮ ಮಗ ಭಾಳ ಚಲೋ ನೋಡ್ರಿ. ನಿಮ್ಮ ಸಲುವಾಗಿ ದಿನಾ ಕಲ್ಲ ಎತ್ತಾಕತ್ತಾನ" ಎಂದ. ಅವ್ವ ಮರುದಿನ ಸೋಮವಾರದ ಉಪವಾಸ ಹಿಡಿದಳು. ಆಮೇಲೆ ಗುರುವಾರ. ಆಮೇಲೆ ರಾತ್ರಿಯ ಊಟವೇ ಬೇಡವಾಯಿತು. ಅಪ್ಪನ ದುಃಖ ಎಂದುಕೊಂಡೆ. ನನಗೂ ರೊಟ್ಟಿ ಇಳಿಯುತ್ತಿರಲಿಲ್ಲ, ವಸ್ತಾದನ ಭಯಕ್ಕೆ ನುಂಗುತ್ತಿದ್ದೆ.

ಒಂದು ದಿನ ಅವಳು ನೀರಿನ ಕೊಡ ಇಳಿಸುವಾಗ ನೋಡಿದೆ. ನಾನೇ ಹೊಲಿದ ಕುಪ್ಪಸದ ತೋಳು ಸಡಿಲಾಗಿ ಜೋಲುತ್ತಿತ್ತು. ದರ್ಜಿಯ ಕಣ್ಣು ಬೇರೆಲ್ಲಿ ತಪ್ಪಿದರೂ ಸ್ವಂತ ಹೊಲಿಗೆಯಲ್ಲಿ ತಪ್ಪುವುದಿಲ್ಲ.

"ಅವ್ವಾ, ಏನಾಗೇತಿ ನಿನಗ? ಡಾಕ್ಟರ ಕಡೆ ನಡಿ."

"ಏನೂ ಆಗಿಲ್ಲೋ. ನಿನ್ನ ಭುಜದ ಮ್ಯಾಲ ನನಗೂ ಭರೋಸಾ ಇಲ್ಲ ತಮ್ಮಾ. ಅದಕ್ಕ ನಾನೂ ಸ್ವಲ್ಪ ಹಗುರಾಗಾಕತ್ತೇನಿ. ಅರ್ಧಾ ದಾರಿ ನೀ ಬಾ, ಅರ್ಧಾ ದಾರಿ ನಾ ಬರ್ತೇನಿ."

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ನಾನು ಕಡಲೆ ತಿಂದು ಒಂದು ಕಡೆಯಿಂದ, ಅವಳು ಉಪವಾಸ ಬಿದ್ದು ಇನ್ನೊಂದು ಕಡೆಯಿಂದ, ಇಬ್ಬರೂ ಸೇರಿ ಆ ದಿನವನ್ನೇ ಹತ್ತಿರ ಎಳೆಯುತ್ತಿದ್ದೆವು. ಅವಳ ಮುಂದೆ ಕುಳಿತು ರೊಟ್ಟಿ ಮುರಿದು ತಟ್ಟೆಗೆ ಹಾಕಿದೆ. "ನೀ ಉಣ್ಣೂತನಕ ನಾನೂ ಒಂದ ಕಡ್ಲಿ ಮುಟ್ಟೂದಿಲ್ಲ" ಎಂದೆ. "ಹಂಗಾದ್ರ ಸತ್ತ ಹೋಗ್ತಿ, ಗೂಟದಂಥಾಂವ" ಎಂದು ಬೈದು, ಉಂಡಳು.

ಅದಾದ ಕೆಲವು ದಿನಕ್ಕೆ ಕಲ್ಲು ಎಂದೂ ಇಲ್ಲದೆ ತೊಡೆ ದಾಟಿ ಎದೆಯವರೆಗೆ ಬಂತು. ಮಲ್ಲಪ್ಪ "ಶಾಬ್ಬಾಸ್! ಏರಸ್ರಿ, ಏರಸ್ರಿ!" ಎಂದು ಕೂಗಿದ. ಇನ್ನೊಂದು ಗೇಣು, ಅಷ್ಟೇ. ಏರಿಸಿದರೆ ನಾನು ತಯಾರಾದೆ ಎಂದಾಯಿತಲ್ಲ ಎಂಬುದು ಆಗ ಹೊಳೆಯಿತು. ಕಲ್ಲನ್ನು ಮಣ್ಣಿಗೆ ಬಿಟ್ಟೆ.

ಈಗಲೂ ದಿನಾ ಹೋಗುತ್ತೇನೆ, ಎದೆಯವರೆಗೆ ತಂದು ಬಿಡುತ್ತೇನೆ. "ಇಂಥಾ ಅಂಜಬುರುಕನ್ನ ನೋಡಿಲ್ಲ" ಎಂದು ಮಲ್ಲಪ್ಪ ಬೈಯುತ್ತಾನೆ. ಅವನ ಮಾತು ಸುಳ್ಳಲ್ಲ. ಮೊನ್ನೆ ಅವ್ವನ ಕುಪ್ಪಸ ಬಿಗಿಯಾಯಿತೆಂದು ಹೊಲಿಗೆ ಬಿಚ್ಚಿ ಸಡಿಲು ಮಾಡಿಕೊಟ್ಟೆ. ಆ ಹೊತ್ತಿಗೆ ಸಿಂದಗಿಯ ಮಾವ ಬಂದಿದ್ದ. ನನ್ನ ಭುಜ ತಟ್ಟಿ, "ಏನಪಾ, ತಯಾರಾದೇನು?" ಎಂದು ಕೇಳಿದ.

"ಇಲ್ಲ ಮಾಮಾ," ಎಂದೆ, ಅವ್ವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತ, "ನನ್ನ ಕಡಿಂದ ಆಗೂಹಂಗ ಕಾಣೂದಿಲ್ಲ."